ತಾಳೆಗರಿಗೆ ಯೋಜನೆ ಬಂತು, ಹಾಡುವ ಕೊರಳಿಗೆ?

2025ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಎಂಬ ಯೋಜನೆ ಪ್ರಕಟವಾಯಿತು. ಮಠ, ಗ್ರಂಥಾಲಯ, ವಸ್ತುಸಂಗ್ರಹಾಲಯ, ಖಾಸಗಿ ಮನೆಗಳಲ್ಲಿರುವ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಹುಡುಕಿ, ಪಟ್ಟಿ ಮಾಡಿ, ಕೆಡದಂತೆ ಕಾಪಾಡುವುದು ಅದರ ಗುರಿ. ಈ ಕೆಲಸಕ್ಕೆ ಮೊದಲು ಇಟ್ಟಿದ್ದ 3.5 ಕೋಟಿ ರೂಪಾಯಿ ಒಮ್ಮೆಲೇ 60 ಕೋಟಿಗೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೀಪಾವಳಿ ಹಬ್ಬ ಯುನೆಸ್ಕೊ ಪಟ್ಟಿ ಸೇರಿದ ಸುದ್ದಿ ಬಂತು. ಅದಕ್ಕೂ ಮೊದಲು, 2023ರ ಸೆಪ್ಟೆಂಬರಿನಲ್ಲಿ, ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದವು.

ಮೂರೂ ಸುದ್ದಿಗಳಲ್ಲಿ ‘ಪರಂಪರೆ ಉಳಿಸುವುದು’ ಎಂಬ ಮಾತು ಇತ್ತು. ಹಾಗಾಗಿ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಗೊಂದಲ ಮೂಡಿರುವುದು ಸಹಜ. ಕಡೂರು, ತರೀಕೆರೆ ಕಡೆಯ ವೀರಗಾಸೆ ಕುಣಿತದಲ್ಲಿ ಕಥೆ ಹೇಳುವ ಒಡಪು, ಅರಕಲಗೂಡು ಕಡೆಯ ಚಿಟ್ಟಿಮೇಳ, ಸಕಲೇಶಪುರ-ಮೂಡಿಗೆರೆಯ ಸುಗ್ಗಿ ಕುಣಿತ, ಕೊಪ್ಪ-ನರಸಿಂಹರಾಜಪುರದ ದೀಪಾವಳಿಯ ಅಂಟಿಕೆ ಪಂಟಿಕೆ, ಎಲ್ಲ ಊರಿನ ಸೋಬಾನೆ ಪದ, ಇವೆಲ್ಲ ಈ ಯೋಜನೆಗಳ ಒಳಗೆ ಬಂದವೇ? ಹಾಡುವವರಿಗೆ, ಕಲಿಸುವವರಿಗೆ ಏನಾದರೂ ಸಿಗುತ್ತದೆಯೇ?

ಇಲ್ಲ. ಆದರೆ ‘ಇಲ್ಲ’ ಏಕೆ ಎಂಬುದನ್ನು ಬಿಡಿಸಿ ನೋಡಿದರೆ, ನಾವು ಉಳಿಸುತ್ತೇವೆ ಎಂದುಕೊಂಡು ಮಾಡುತ್ತಿರುವ ಅನೇಕ ಕೆಲಸಗಳು ಬೇರೆ ಯಾವುದನ್ನೋ ಉಳಿಸುತ್ತಿವೆ ಎಂಬುದೂ ಗೊತ್ತಾಗುತ್ತದೆ.

ಎಪ್ಪತ್ತೈದು ವರ್ಷದ ಓಲೆ, ಎಪ್ಪತ್ತೈದು ವರ್ಷದ ಅಜ್ಜಿ

ಸರ್ಕಾರಿ ಲೆಕ್ಕದಲ್ಲಿ ಹಸ್ತಪ್ರತಿ ಎಂದರೆ ತಾಳೆಗರಿ, ಕಾಗದ, ಬಟ್ಟೆ, ಮರದ ತೊಗಟೆ, ಲೋಹ ಹೀಗೆ ಯಾವುದಾದರೊಂದರ ಮೇಲೆ ಕೈಯಲ್ಲಿ ಬರೆದದ್ದು, ಕನಿಷ್ಠ 75 ವರ್ಷ ಹಳೆಯದು. ಶ್ರವಣಬೆಳಗೊಳದ ಓಲೆಗರಿಗಳು ಈ ವ್ಯಾಖ್ಯಾನಕ್ಕೆ ಸರಿಯಾಗಿ ಹೊಂದುತ್ತವೆ. ಅವು ಉಳಿಯಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಅರಿಶಿಣದ ಶಾಸ್ತ್ರದಿಂದ ಹೆಣ್ಣೊಪ್ಪಿಸುವವರೆಗಿನ ಪದಗಳನ್ನೆಲ್ಲ ನೆನಪಿನಲ್ಲೇ ಇಟ್ಟುಕೊಂಡಿರುವ 75 ವರ್ಷದ ಅಜ್ಜಿಗೆ ಆ ವ್ಯಾಖ್ಯಾನದಲ್ಲಿ ಜಾಗವಿಲ್ಲ. ಆಕೆಯಲ್ಲಿರುವುದು ಬರಹವಲ್ಲ.

ಯುನೆಸ್ಕೊದ ವಿಷಯದಲ್ಲೂ ಇಂಥದೇ ಗೆರೆ ಇದೆ. ಬೇಲೂರು, ಹಳೇಬೀಡು ಸೇರಿದ್ದು 1972ರ ಒಪ್ಪಂದದ ಪಟ್ಟಿಗೆ. ಅದು ಕಟ್ಟಡ, ನೆಲ, ಕಾಡುಗಳದ್ದು. ಹಾಡು, ಕುಣಿತ, ಆಚರಣೆ, ಕುಶಲಕಲೆಗಳಿಗೆ 2003ರ ಬೇರೆಯದೇ ಒಪ್ಪಂದವಿದೆ. ಭಾರತ ಅದನ್ನು ಒಪ್ಪಿದ್ದು 2005ರಲ್ಲಿ. ಕೇರಳದ ಕೂಡಿಯಾಟ್ಟಂ, ಮುಡಿಯೇಟ್ಟು ಆ ಪಟ್ಟಿಯಲ್ಲಿವೆ. ಕರ್ನಾಟಕದ್ದೇ ಎನ್ನಬಹುದಾದ ಒಂದು ಕಲೆಯೂ ಇಲ್ಲ, ಯಕ್ಷಗಾನವೂ ಇಲ್ಲ. ದೀಪಾವಳಿ ಈಗ ಸೇರಿದೆ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಪದ ಹೇಳುವ ಅಂಟಿಕೆ ಪಂಟಿಕೆಯವರಿಗೂ ಇದು ಗೌರವವೇ. ಆದರೆ ಪಟ್ಟಿ ಸೇರುವುದೆಂದರೆ ಮನ್ನಣೆ. ಅದರಿಂದ ಹಾಡುಗಾರರಿಗೆ ಸಂಬಳ ಬರುವುದಿಲ್ಲ, ಹೊಸಬರಿಗೆ ತಾಲೀಮು ನಡೆಯುವುದಿಲ್ಲ. ಅದನ್ನು ಮಾಡಬೇಕಾದದ್ದು ಆಯಾ ದೇಶ, ರಾಜ್ಯ, ಊರು.

ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಸಿಕ್ಕ ಹಲ್ಮಿಡಿ ಇರುವುದು ಬೇಲೂರು ತಾಲ್ಲೂಕಿನಲ್ಲೇ. ಬರೆದದ್ದಕ್ಕೆ ನಾವು ಕೊಡುವ ಬೆಲೆಗೆ ಈ ನೆಲದಲ್ಲಿ ದೊಡ್ಡ ಕಾರಣಗಳಿವೆ. ಆದರೆ ಆ ಕಲ್ಲು ಕೆತ್ತಿದ ಕಾಲದಲ್ಲೂ ಈ ಸೀಮೆಯ ಬಹುಪಾಲು ಜನರ ಕನ್ನಡ ಬರಹದಲ್ಲಿ ಇರಲಿಲ್ಲ, ಬಾಯಲ್ಲಿ ಇತ್ತು. ಆ ಬಾಯಿಗಳ ಕಡೆಯ ಕೊಂಡಿ ಇವತ್ತು ಎಪ್ಪತ್ತು ದಾಟಿದ ಹೆಂಗಸರು.

ಪದ ಹೋದದ್ದು ಕೆಲಸದ ಜೊತೆಗೆ

‘ಟಿ.ವಿ. ಬಂತು, ಮೊಬೈಲ್ ಬಂತು, ಜಾನಪದ ಹೋಯಿತು’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅದು ಅರ್ಧ ಸತ್ಯ. ಟಿ.ವಿ. ಬರುವ ಎಷ್ಟೋ ಮೊದಲೇ ರಾಗಿ ಬೀಸುವ ಪದ ಬಡವಾಗಿತ್ತು, ಏಕೆಂದರೆ ಊರಿಗೆ ಹಿಟ್ಟಿನ ಮಿಲ್ ಬಂದಿತ್ತು. ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಎದುರು ಕೂರುವ ಕೆಲಸವೇ ಇಲ್ಲವಾದ ಮೇಲೆ, ಆ ಕಲ್ಲಿನ ಸುತ್ತಿನ ಲಯಕ್ಕೆ ಹುಟ್ಟಿದ ತ್ರಿಪದಿಗೆ ಜಾಗವೆಲ್ಲಿ? ಯಾವ ಹೆಂಗಸೂ ಆ ಕಲ್ಲಿಗೆ ಮರಳಲು ಬಯಸುವುದಿಲ್ಲ, ಬಯಸಬೇಕಾಗಿಯೂ ಇಲ್ಲ. ಅದು ಬೆನ್ನು ಮುರಿಯುವ ದುಡಿಮೆ. ಪದ ಚೆನ್ನಾಗಿತ್ತೆಂದು ದುಡಿಮೆಯನ್ನು ಹೊಗಳುವುದು ನ್ಯಾಯವಲ್ಲ.

ನಾಟಿಯ ಪದದ ಕಥೆಯೂ ಇದೇ ದಾರಿಯದ್ದು, ಕಾರಣ ಮಾತ್ರ ಬೇರೆ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆ ಎಷ್ಟೋ ಗದ್ದೆಗಳಲ್ಲಿ ಈಗ ಭತ್ತವಿಲ್ಲ. ಕೆಲವು ಬೀಳು ಬಿದ್ದಿವೆ, ಕೆಲವಲ್ಲಿ ಅಡಿಕೆ ಎದ್ದಿದೆ, ಕೆಲವಲ್ಲಿ ಶುಂಠಿ. ಭತ್ತದಿಂದ ಕೂಲಿ ಹುಟ್ಟುವುದಿಲ್ಲ, ಆನೆ-ಹಂದಿಗಳ ಕಾಟ ಬೇರೆ. ಗದ್ದೆ ಹೋದ ಮೇಲೆ ಸಾಲಾಗಿ ಬಗ್ಗಿ ನಾಟಿ ಮಾಡುವ ಹೆಂಗಸರ ಗುಂಪೂ ಹೋಯಿತು. ಆ ಗುಂಪಿನಲ್ಲಿ ಒಬ್ಬಳು ಸೊಲ್ಲು ಎತ್ತಿ ಕೊಡುತ್ತಿದ್ದಳು, ಉಳಿದವರು ಹಿಡಿಯುತ್ತಿದ್ದರು. ಹೊಸ ಹುಡುಗಿ ಆ ‘ಹಿಡಿಯುವ’ ಸಾಲಿನಲ್ಲಿ ನಾಲ್ಕು ಮಳೆಗಾಲ ಕಳೆದರೆ ಐದನೆಯ ಮಳೆಗಾಲಕ್ಕೆ ತಾನೇ ಎತ್ತಿ ಕೊಡಬಲ್ಲವಳಾಗುತ್ತಿದ್ದಳು. ಅಂದರೆ ಗದ್ದೆಯೇ ಶಾಲೆ. ಕಾಫಿ ತೋಟಗಳಲ್ಲೂ ಕೆಲಸದವರ ಗುಂಪು ಬದಲಾಗಿದೆ. ಅಸ್ಸಾಂ, ಬಂಗಾಳ, ಬಿಹಾರದಿಂದ ಬಂದವರು ಹಣ್ಣು ಕೊಯ್ಯುತ್ತಿದ್ದಾರೆ. ಅವರವರ ಪದ ಅವರೊಂದಿಗೆ ಇರಬಹುದು, ಈ ಊರಿನ ಪದ ಅವರಿಗೆ ಸಿಗುವ ದಾರಿ ಇಲ್ಲ.

ಬಯಲುಸೀಮೆಯಲ್ಲಿ, ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಕಡೆ, ಹೋದದ್ದು ಕಣ. ಸುಗ್ಗಿಯ ನಂತರ ಸಾರಿಸಿದ ಕಣ ಖಾಲಿಯಾಗುತ್ತಿತ್ತು. ರೈತರ ಕೈಯಲ್ಲಿ ಹೊತ್ತೂ ಇರುತ್ತಿತ್ತು, ಕಾಳೂ ಇರುತ್ತಿತ್ತು. ಮೂಡಲಪಾಯ ಯಕ್ಷಗಾನ ಬೆಳೆದದ್ದು ಆ ಬಿಡುವಿನಲ್ಲಿ. ಭಾಗವತರು ಊರಿಗೆ ಬಂದು ನೆಲೆ ನಿಂತು, ರಾತ್ರಿಗಳಲ್ಲಿ ತಾಲೀಮು ಮಾಡಿಸಿ, ಕೊನೆಗೆ ಬೆಳತನಕ ಆಟ ಆಡಿಸುತ್ತಿದ್ದರು. ಅವರ ಊಟ, ವಸತಿ, ಸಂಭಾವನೆ ಊರಿನದ್ದು. ಈಗ ಒಕ್ಕಣೆ ಯಂತ್ರದ್ದು, ಇಲ್ಲವೇ ಹುಲ್ಲನ್ನು ರಸ್ತೆಗೆ ಹಾಸಿ ವಾಹನಗಳ ಚಕ್ರಕ್ಕೆ ಬಿಟ್ಟದ್ದು. ಪಾತ್ರ ಮಾಡಬೇಕಾದ ಹುಡುಗರು ಬೆಂಗಳೂರಿನಲ್ಲಿದ್ದಾರೆ. ಮೂರು ತಿಂಗಳು ರಾತ್ರಿ ತಾಲೀಮಿಗೆ ಸಿಗುವವರು ಊರಿನಲ್ಲಿ ಉಳಿದಿಲ್ಲ.

ಇನ್ನು ಸೋಬಾನೆ. ಮದುವೆಗಳು ನಿಂತಿಲ್ಲವಲ್ಲ, ಸೋಬಾನೆ ಏಕೆ ನಿಂತಿತು? ಮದುವೆ ಮನೆಯಿಂದ ಛತ್ರಕ್ಕೆ ಹೋಯಿತು. ಚಪ್ಪರ ಹಾಕುವ ದಿನ, ನೀರು ತರುವ ಹೊತ್ತು, ಬಳೆ ತೊಡಿಸುವ ಮಧ್ಯಾಹ್ನ, ಎಣ್ಣೆ-ಅರಿಶಿಣದ ಸಂಜೆ, ಹೀಗೆ ಹಲವು ದಿನಗಳಲ್ಲಿ ಹಂಚಿಹೋಗಿದ್ದ ಶಾಸ್ತ್ರಗಳು ಛತ್ರದ ಒಂದೂವರೆ ದಿನಕ್ಕೆ ಕುಗ್ಗಿದವು. ಪದಕ್ಕೆ ಬೇಕಾದ ನಿಧಾನ ಇಲ್ಲ. ಧ್ವನಿವರ್ಧಕದ ಎದುರು ಐದು ಜನ ಅಜ್ಜಿಯರ ಕೊರಳು ಕೇಳಿಸುವುದೂ ಇಲ್ಲ.

ಕೆಲವು ಉಳಿದವು ಏಕೆ

ಎಲ್ಲವೂ ಒಂದೇ ಹದದಲ್ಲಿ ಸೊರಗಿಲ್ಲ ಎಂಬುದನ್ನು ಗಮನಿಸದೆ ನೀತಿ ಮಾಡಿದರೆ ಅದು ಯಾರಿಗೂ ನಾಟುವುದಿಲ್ಲ.

ಸುಗ್ಗಿ ಕುಣಿತ ಇಂದಿಗೂ ಇದೆ. ಅದು ಮನರಂಜನೆಯಲ್ಲ, ಊರ ದೇವರಿಗೆ ಸಲ್ಲಬೇಕಾದದ್ದು. ಆ ದಿನಗಳಿಗೆ ಊರಿನ ಕಟ್ಟುಪಾಡುಗಳಿವೆ. ಬೇರೆ ಊರಿನಲ್ಲಿ ಕೆಲಸದಲ್ಲಿರುವವರೂ ರಜೆ ಹಾಕಿ ಬರುತ್ತಾರೆ. ವೀರಗಾಸೆಯೂ ಹಾಗೆಯೇ. ದಕ್ಷಯಜ್ಞದ ವೀರಭದ್ರನ ಕಥೆ ಹೇಳುವ ಒಡಪು, ಸಂಬಾಳ, ಕರಡೆ, ಚೌರಿ, ಕತ್ತಿ, ಎಲ್ಲಕ್ಕೂ ಮನೆದೇವರ ಹರಕೆಯ ನಂಟು ಇದೆ. ಶ್ರಾವಣ, ಕಾರ್ತಿಕ ಬಂದರೆ ಕರೆ ಬಂದೇ ಬರುತ್ತದೆ. ಹಿಂದೆ ಗಂಡಸರದೇ ಆಗಿದ್ದ ಈ ಕುಣಿತಕ್ಕೆ ಈಗ ಹೆಣ್ಣುಮಕ್ಕಳ ತಂಡಗಳೂ ಬಂದಿವೆ. ಪರಂಪರೆ ಬದಲಾದರೆ ಕೆಡುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಇನ್ನೊಂದು ಉದಾಹರಣೆ ಜಾನಪದ ಚರ್ಚೆಯಲ್ಲಿ ಬರುವುದೇ ಅಪರೂಪ: ಪೌರಾಣಿಕ ನಾಟಕ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಹಳ್ಳಿಯ ರೈತರು, ಚಾಲಕರು, ನಿವೃತ್ತ ನೌಕರರು ಕುರುಕ್ಷೇತ್ರದ ಕಥೆ ಆಡುತ್ತಾರೆ. ಪಾತ್ರಕ್ಕೆ ಸಂಭಾವನೆ ಪಡೆಯುವುದಿಲ್ಲ, ಪಾತ್ರಕ್ಕೆ ತಾವೇ ಹಣ ಕೊಡುತ್ತಾರೆ. ದುರ್ಯೋಧನನಿಗೊಂದು ಮೊತ್ತ, ಸೈನಿಕನಿಗೊಂದು. ಆ ಹಣದಿಂದ ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಪೋಷಾಕಿಗೆ ಸಲ್ಲುತ್ತದೆ. ಮೇಷ್ಟ್ರು ಕಂದಪದ್ಯ ತಿದ್ದಿ ಕಲಿಸುತ್ತಾರೆ, ಓದು ಬಾರದವರು ಕೇಳಿಯೇ ಕಲಿಯುತ್ತಾರೆ. ಭಾಗವತರ ತಾಲೀಮಿನ ಹಳೆಯ ಏರ್ಪಾಡು ಬೇರೆ ವೇಷದಲ್ಲಿ ಇಲ್ಲಿ ಮುಂದುವರಿದಿದೆ, ಸರ್ಕಾರದ ನೆರವನ್ನು ಕಾಯದೆ. ಕಲಿಸುವವನಿಗೆ ಹಣ ಸಿಗುವ, ಕಲಿತವನಿಗೆ ಊರೆದುರು ನಿಲ್ಲುವ ಅವಕಾಶ ಸಿಗುವ ಕಡೆ ಕಲೆ ತಾನಾಗಿ ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹೀಗೆ ನೋಡಿದರೆ ಒಂದು ಸ್ಪಷ್ಟತೆ ಸಿಗುತ್ತದೆ. ದೇವರ ಕಟ್ಟಿಗೆ ಸೇರಿದವು ಗಟ್ಟಿಯಾಗಿವೆ. ಊರೆದುರು ಮಾನ ತರುವವು ನಡೆಯುತ್ತಿವೆ. ದುಡಿಮೆಗೆ ಅಂಟಿದವು ದುಡಿಮೆಯೊಂದಿಗೆ ಹೋದವು. ಮನೆಯೊಳಗಿನ ಹೆಂಗಸರ ಪದಗಳು ಯಾವ ಆಸರೆಯೂ ಇಲ್ಲದೆ ನಡುವೆ ತೂಗಾಡುತ್ತಿವೆ. ಸಹಾಯ ಮೊದಲು ಬೇಕಾದದ್ದು ಇವಕ್ಕೆ. ಸಹಾಯ ಹೋಗುತ್ತಿರುವುದು ಹೆಚ್ಚಾಗಿ ವೇದಿಕೆ ಹತ್ತಬಲ್ಲ ಕುಣಿತಗಳಿಗೆ.

ದಾಖಲಿಸಿದರೆ ಉಳಿಯಿತೇ?

ಒಂದು ವಾದ ಹೀಗಿದೆ: ಸಂದರ್ಭ ಹೋದ ಮೇಲೆ ಕಲೆ ಉಳಿಯದು, ಅದನ್ನು ಒಪ್ಪಿಕೊಳ್ಳಿ. ಹೋಗುವ ಮೊದಲು ಬರೆದಿಡಿ, ಧ್ವನಿ ಹಿಡಿದಿಡಿ, ಮುಂದಿನವರಿಗೆ ಸಿಗಲಿ.

ಈ ವಾದಕ್ಕೆ ಈ ಜಿಲ್ಲೆಯಲ್ಲೇ ಹಿರಿಯ ಪರಂಪರೆ ಇದೆ. ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು 1930ರ ದಶಕದಲ್ಲೇ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿದರು. ಸಕಲೇಶಪುರದ ನಂಟಿನ ಎಸ್.ಕೆ. ಕರೀಂಖಾನ್ ಊರೂರು ಅಲೆದು ಪದ ಕಲೆಹಾಕಿ ‘ಜಾನಪದ ಜಂಗಮ’ ಎನಿಸಿಕೊಂಡರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೀ.ಶಂ. ಪರಮಶಿವಯ್ಯನವರು ಜಾನಪದ ವಸ್ತುಸಂಗ್ರಹಾಲಯ ಕಟ್ಟಿದರು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಆರಂಭಿಸಿ, ರಾಮನಗರದ ಬಳಿ ಜಾನಪದ ಲೋಕ ಎಬ್ಬಿಸಿದರು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಬಂತು. ಇವರೆಲ್ಲ ಇಲ್ಲದಿದ್ದರೆ ನಮ್ಮ ಕೈಯಲ್ಲಿ ಇಷ್ಟೂ ಇರುತ್ತಿರಲಿಲ್ಲ.

ಆದರೆ ಅಚ್ಚಾದ ಸಂಗ್ರಹದಲ್ಲಿ ಮಾತು ಉಳಿಯಿತು, ಮಟ್ಟು ಉಳಿಯಲಿಲ್ಲ. ತ್ರಿಪದಿಯ ಮೂರನೆಯ ಸಾಲಿಗೆ ಮುಂಚೆ ಎರಡನೆಯದರ ತುಣುಕು ಹೇಗೆ ಮರಳುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಹಿಮ್ಮೇಳದವರು ಎಲ್ಲಿ ಸೇರುತ್ತಾರೆ, ಪುಟದಲ್ಲಿ ಕಾಣುವುದಿಲ್ಲ. ಧ್ವನಿ ಹಿಡಿದರೆ ಮಟ್ಟು ಸಿಗುತ್ತದೆ, ಆದರೆ ಅದು ಆ ಒಂದು ದಿನದ, ಆ ಒಬ್ಬರ ಹಾಡು. ಪದ ಹೇಳುವವಳ ನಿಜವಾದ ವಿದ್ಯೆ ಇರುವುದು ಹಾಡಿದ್ದನ್ನು ಮತ್ತೆ ಹಾಡುವುದರಲ್ಲಲ್ಲ. ಈ ಮದುಮಗಳ ಹೆಸರು, ಈ ಮನೆಯ ದೇವರು, ಇಂದು ಬಾರದೆ ಉಳಿದ ಸೋದರಮಾವನ ಮೇಲಿನ ಆಕ್ಷೇಪ, ಎಲ್ಲವನ್ನೂ ಅಲ್ಲೇ ಪದಕ್ಕೆ ಹೊಂದಿಸುವ ಶಕ್ತಿಯಲ್ಲಿ ಅದು ಇದೆ. ನೂರು ಪದ ದಾಖಲಾದರೆ ನೂರು ಪದ ಉಳಿದವು. ನೂರೊಂದನೆಯದನ್ನು ಕಟ್ಟುವ ಬಲ ಉಳಿಯಲಿಲ್ಲ. ಅದು ಒಬ್ಬರ ಪಕ್ಕ ಇನ್ನೊಬ್ಬರು ವರ್ಷಗಟ್ಟಲೆ ಕುಳಿತಾಗ ಮಾತ್ರ ದಾಟುವಂಥದ್ದು.

ಇಲ್ಲಿ ಹಕ್ಕಿನ ಪ್ರಶ್ನೆಯೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಗೊತ್ತಿರುವ ಕರ್ತೃವಿನ ಕೃತಿಗೆ ಆತನ ಆಯುಷ್ಯ ಮತ್ತು ಆಮೇಲೆ 60 ವರ್ಷ ರಕ್ಷಣೆ ಕೊಡುತ್ತದೆ. ಜನಪದ ಹಾಡಿಗೆ ಕರ್ತೃ ಇಲ್ಲ, ಹಾಗಾಗಿ ಯಾರು ಬೇಕಾದರೂ ಹಾಡಿ, ವಾದ್ಯ ಸೇರಿಸಿ, ಯೂಟ್ಯೂಬ್‌ಗೆ ಏರಿಸಬಹುದು. ಹಾಡು ಎಲ್ಲರದ್ದು, ಸರಿ. ಆದರೆ ಅದೇ ಕಾಯ್ದೆಯಲ್ಲಿ ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕೂ 2012ರ ತಿದ್ದುಪಡಿಯಿಂದ ಬಂದಿದೆ. ಮೊಬೈಲ್‌ನಲ್ಲಿ ಅಜ್ಜಿಯ ಪದ ಹಿಡಿದು ‘ಹಳ್ಳಿ ಹಾಡು’ ಎಂದಷ್ಟೇ ಬರೆದು ಹಾಕುವ ಹುಡುಗರಿಗೆ ಇದು ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ. ಹಳೆಯ ಸಂಗ್ರಹಗಳಲ್ಲೂ ಎಷ್ಟೋ ಕಡೆ ಸಂಗ್ರಾಹಕರ ಹೆಸರು ಮುಖಪುಟದಲ್ಲಿದೆ, ಹಾಡಿದವಳ ಹೆಸರು ಎಲ್ಲೂ ಇಲ್ಲ. ಆ ತಪ್ಪನ್ನು ಹೊಸ ಉಪಕರಣದಲ್ಲಿ ಮತ್ತೆ ಮಾಡುವುದು ಬೇಡ.

ಶಾಲೆಗೆ ತಂದರೆ?

ಎರಡನೆಯ ವಾದ ಶಾಲೆಯದ್ದು. ಮಕ್ಕಳಿಗೆ ಕಲಿಸಿದರೆ ತಾನಾಗಿ ಉಳಿಯುತ್ತದೆ ಎಂದು ಅನೇಕರು ಪ್ರಾಮಾಣಿಕವಾಗಿ ನಂಬಿದ್ದಾರೆ.

ಈಗ ಶಾಲೆಯಲ್ಲಿ ಜಾನಪದ ಕಾಣಿಸುವುದು ಮುಖ್ಯವಾಗಿ ಪ್ರತಿಭಾ ಕಾರಂಜಿಯಲ್ಲಿ, ವಾರ್ಷಿಕೋತ್ಸವದಲ್ಲಿ. ಸ್ಪರ್ಧೆಗೆ ಕೆಲವೇ ನಿಮಿಷ. ಮಕ್ಕಳು ಮೊದಲೇ ಧ್ವನಿಮುದ್ರಿಸಿದ ಹಾಡಿಗೆ ಕುಣಿಯುತ್ತಾರೆ, ಬಣ್ಣದ ಸೀರೆ, ಕೊಡ, ಮೊರ ಹಿಡಿಯುತ್ತಾರೆ. ಆ ಹಾಡು ಹೆಚ್ಚಾಗಿ ಬೇರೆ ಸೀಮೆಯದ್ದು, ಸ್ಟುಡಿಯೋದ್ದು. ಅಂಕ ಬರುವುದು ಚುರುಕಿಗೆ, ವೇಷಕ್ಕೆ, ಒಟ್ಟಿಗೆ ಇಡುವ ಹೆಜ್ಜೆಗೆ. ಇದರ ಪರಿಣಾಮ ಏನೆಂದರೆ, ಮೂಡಿಗೆರೆಯ ಮಗು ಉತ್ತರ ಕರ್ನಾಟಕದ ಧಾಟಿಯ ಹಾಡಿಗೆ ಕುಣಿದು ಬಹುಮಾನ ತರುತ್ತದೆ; ಸೂಲಗಿತ್ತಿಯೂ ಸೋಬಾನೆಗಾರ್ತಿಯೂ ಆಗಿದ್ದ ತನ್ನ ಅಜ್ಜಿಗೆ ಏನು ಬರುತ್ತದೆ ಎಂದು ಕೇಳುವುದಿಲ್ಲ. ಮಕ್ಕಳ ಉತ್ಸಾಹದಲ್ಲಿ ಕೊರತೆ ಇಲ್ಲ, ಶಿಕ್ಷಕರ ಶ್ರಮದಲ್ಲೂ ಇಲ್ಲ. ಏರ್ಪಾಡೇ ವೇದಿಕೆಯ ಕಡೆ ಮುಖ ಮಾಡಿದೆ.

ಶಾಲೆಯೊಳಗೆ ಪದ ಹೇಳುವವರನ್ನು ಕರೆತರಲು ದೊಡ್ಡ ಅಡ್ಡಿ ಪದವಿಯದ್ದು. ಕಲಿಸುವವರಿಗೆ ಪ್ರಮಾಣಪತ್ರ ಬೇಕು, ಪದ ಬಲ್ಲವರಲ್ಲಿ ಅದು ಇಲ್ಲ. ಜಾನಪದದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಬಂದರೆ ಅವರು ಜಾನಪದದ ‘ಬಗ್ಗೆ’ ಹೇಳುತ್ತಾರೆ. ಎರಡೂ ಬೇಕು, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಊರಿನ ಕುಶಲಿಗಳನ್ನು, ಕಲಾವಿದರನ್ನು ಶಾಲೆಗೆ ತರುವ ಮಾತಾಡಿತ್ತು, 6ರಿಂದ 8ನೇ ತರಗತಿಗೆ 10 ಬ್ಯಾಗಿಲ್ಲದ ದಿನಗಳನ್ನು ಸೂಚಿಸಿತ್ತು. ಕರ್ನಾಟಕ ಸರ್ಕಾರ ಆ ನೀತಿಯನ್ನು ಬಿಟ್ಟು ತನ್ನದೇ ಆಯೋಗವನ್ನು ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ನೇಮಿಸಿತು. 2025ರ ಆಗಸ್ಟ್‌ನಲ್ಲಿ ಅದರ ವರದಿ ಬಂತು. ನೀತಿ ಯಾವುದೇ ಇರಲಿ, ರಾಜ್ಯದ ಶಾಲೆಗಳಲ್ಲಿ ‘ಸಂಭ್ರಮ ಶನಿವಾರ’ ಎಂಬ ಬ್ಯಾಗಿಲ್ಲದ ದಿನದ ಕಲ್ಪನೆ ಆಗಲೇ ಇದೆ. ಹೊಸ ಆದೇಶಕ್ಕೆ ಕಾಯದೆ ಊರಿನ ಇಬ್ಬರು ಹಿರಿಯರನ್ನು ಅಂದು ಕೂರಿಸಬಹುದು. ಅವರ ಬಸ್ ಚಾರ್ಜು, ಒಂದು ದಿನದ ಕೂಲಿಯಷ್ಟಾದರೂ ಗೌರವಧನ, ಇಷ್ಟನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಕೊಡಬೇಕೆಂಬುದು ಇತ್ಯರ್ಥವಾದರೆ ಸಾಕು. ಪುಕ್ಕಟೆ ಕರೆದರೆ ಒಮ್ಮೆ ಬರುತ್ತಾರೆ.

ಬೇಡ ಎನ್ನುವವರ ಮಾತು

ಉಳಿಸಬೇಕೆನ್ನುವ ಉತ್ಸಾಹದಲ್ಲಿ ನಾವು ಕೇಳಿಸಿಕೊಳ್ಳದ ಒಂದು ದನಿ ಇದೆ. ತಮಟೆ ಬಾರಿಸುವುದು ಎಷ್ಟೋ ಊರುಗಳಲ್ಲಿ ಕಲೆಯಾಗಿರಲಿಲ್ಲ, ಚಾಕರಿಯಾಗಿತ್ತು. ಜಾತ್ರೆಗೂ ಸಾವಿಗೂ ಹೇಳಿ ಕಳಿಸಿದರೆ ಹೋಗಲೇಬೇಕು, ಗುಡಿಯ ಹೊರಗೆ ನಿಲ್ಲಬೇಕು, ಕೊಟ್ಟಷ್ಟು ಪಡೆಯಬೇಕು. ಅಂಥ ಮನೆಯ ಓದಿದ ಹುಡುಗ ‘ನಾನು ತಮಟೆ ಹಿಡಿಯುವುದಿಲ್ಲ’ ಎಂದರೆ ಅದು ಸಂಸ್ಕೃತಿಯ ನಾಶವಲ್ಲ, ಆತನ ಘನತೆ. ಮನೆಮನೆ ತಿರುಗಿ ವಂಶಾವಳಿ ಹೇಳುತ್ತಿದ್ದ ಹೆಳವರ ಮಕ್ಕಳು ಒಂದೆಡೆ ನೆಲೆ ನಿಂತು ಶಾಲೆಗೆ ಹೋಗಲು ಬಯಸಿದರೆ, ‘ನಿಮ್ಮ ಪರಂಪರೆ ಬಿಡಬೇಡಿ’ ಎನ್ನುವ ಹಕ್ಕು ಹೊರಗಿನವರಿಗಿಲ್ಲ.

ಇದಕ್ಕೆ ಎದುರಾಗಿ ಅದೇ ಸಮುದಾಯಗಳ ಒಳಗಿನಿಂದ ಇನ್ನೊಂದು ಮಾತೂ ಬಂದಿದೆ. ದಲಿತ ಚಳವಳಿಯ ಮೆರವಣಿಗೆಗಳಲ್ಲಿ ತಮಟೆ ಪ್ರತಿಭಟನೆಯ ದನಿಯಾಯಿತು. ಹೇಳಿ ಕಳಿಸಿದಾಗ ಬಾರಿಸುವ ವಾದ್ಯವೇ ತಾವಾಗಿ ಎತ್ತಿಕೊಂಡ ವಾದ್ಯವಾಯಿತು. ವ್ಯತ್ಯಾಸ ಇರುವುದು ಒತ್ತಾಯ ಮತ್ತು ಆಯ್ಕೆಯಲ್ಲಿ. ಹಾಗಾಗಿ ಯಾವುದೇ ಯೋಜನೆ ‘ಇಂಥ ಜಾತಿಯವರು ಇಂಥ ಕಲೆ’ ಎಂಬ ಹಳೆಯ ಕಟ್ಟನ್ನು ಸರ್ಕಾರಿ ಹಣದಿಂದ ಗಟ್ಟಿ ಮಾಡಬಾರದು. ಕಲಿಯುವ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಕಲಿಸುವ ಮಾನ ಮತ್ತು ಹಣ ಅದನ್ನು ಕಾಪಾಡಿದವರಿಗೇ ಮೊದಲು ಸಲ್ಲಬೇಕು.

ಭಾಷೆಯ ಮಾತೂ ಇಲ್ಲಿಗೇ ಸೇರುತ್ತದೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಅವರ ಮನೆಮಾತು ವಾಗ್ರಿ. ಅದಕ್ಕೆ ಲಿಪಿಯ ಪರಂಪರೆ ಇಲ್ಲ, ಕಥೆ, ಹಾಡು, ಮದ್ದಿನ ತಿಳಿವಳಿಕೆ ಎಲ್ಲವೂ ಬಾಯಲ್ಲೇ. ಹಾಸನದ ಬಾಯಿಮಾತಿನ ಪರಂಪರೆ ಎಂದಾಗ ಕನ್ನಡದ್ದಷ್ಟೇ ನೆನಪಾದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಹಣದ ದಾರಿ

ಈಗ ಸರ್ಕಾರದ ನೆರವು ಹರಿಯುವ ದಾರಿಗಳು ಹೆಚ್ಚಾಗಿ ಮೂರು: ಪ್ರಶಸ್ತಿ, ಮಾಸಾಶನ, ಕಾರ್ಯಕ್ರಮ. ಜಾನಪದ ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಜಿಲ್ಲೆಗೊಬ್ಬರಂತೆ ಸಿಗುತ್ತದೆ. ಮಾಸಾಶನ ವಯಸ್ಸಾದ ಕಲಾವಿದರಿಗೆ ಆಸರೆ, ಅದು ನಿಲ್ಲಬಾರದು. ಆದರೆ ಅರ್ಜಿಯ ಜೊತೆ ಕಲಾಸೇವೆಗೆ ದಾಖಲೆ ಬೇಕು. ಮೇಳ ಕಟ್ಟಿಕೊಂಡು ದಸರಾಕ್ಕೆ ಹೋದವರಲ್ಲಿ ಪ್ರಮಾಣಪತ್ರ, ಫೋಟೊ ಇರುತ್ತವೆ. ಐವತ್ತು ವರ್ಷ ಊರಿನ ಮದುವೆಗಳಲ್ಲಿ ಎಲೆ-ಅಡಿಕೆ ಪಡೆದು ಪದ ಹೇಳಿದವಳಿಗೆ ಯಾರು ಪ್ರಮಾಣಪತ್ರ ಕೊಟ್ಟರು? ಅವಳು ತನ್ನನ್ನು ‘ಕಲಾವಿದೆ’ ಎಂದು ಕರೆದುಕೊಂಡೇ ಇಲ್ಲ. ಹೀಗಾಗಿ ಅತಿ ಹೆಚ್ಚು ಅಪಾಯದಲ್ಲಿರುವ ಪರಂಪರೆಯನ್ನು ಹೊತ್ತವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಗ್ರಾಮ ಪಂಚಾಯಿತಿ ಅಥವಾ ಸ್ತ್ರೀಶಕ್ತಿ ಸಂಘದ ಸಾಕ್ಷಿಮಾತನ್ನು ದಾಖಲೆಯಾಗಿ ಒಪ್ಪಿದರೆ ಈ ಬಾಗಿಲು ತೆರೆಯುತ್ತದೆ.

ಇನ್ನೂ ಮುಖ್ಯವಾದದ್ದು, ಈ ಮೂರೂ ದಾರಿಗಳಲ್ಲಿ ‘ಕಲಿಸಿದ್ದಕ್ಕೆ’ ಹಣವಿಲ್ಲ. ಕಲಿಸುವುದಕ್ಕೆಂದೇ ಇರುವ ಯೋಜನೆಗಳಲ್ಲಿ ಒಂದು ಕೇಂದ್ರದ ವಲಯ ಸಾಂಸ್ಕೃತಿಕ ಕೇಂದ್ರಗಳ ಗುರು-ಶಿಷ್ಯ ಪರಂಪರೆ. ಕರ್ನಾಟಕ ಸೇರಿರುವ ದಕ್ಷಿಣ ವಲಯದ ಕೇಂದ್ರ ತಂಜಾವೂರಿನಲ್ಲಿದೆ. ಆ ಯೋಜನೆಯಲ್ಲಿ ನಿಗದಿಯಾಗಿರುವ ಮೊತ್ತ ತಿಂಗಳಿಗೆ ಗುರುವಿಗೆ 7,500, ಪಕ್ಕವಾದ್ಯದವರಿಗೆ 3,750, ಪ್ರತಿ ಶಿಷ್ಯನಿಗೆ 1,500 ರೂಪಾಯಿ. ಹತ್ತು ಶಿಷ್ಯರಿದ್ದಾರೆ ಎಂದುಕೊಂಡರೆ ಒಂದು ಗುಂಪಿಗೆ ತಿಂಗಳಿಗೆ 26,250, ಆರು ತಿಂಗಳಿಗೆ 1,57,500. ಹಾಸನದಲ್ಲಿ 8 ತಾಲ್ಲೂಕು, ಚಿಕ್ಕಮಗಳೂರಿನಲ್ಲಿ ಹೊಸ ಅಜ್ಜಂಪುರ, ಕಳಸ ಸೇರಿ 9. ತಾಲ್ಲೂಕಿಗೊಂದರಂತೆ 17 ಗುಂಪು ಆರು ತಿಂಗಳು ನಡೆದರೆ ಸುಮಾರು 27 ಲಕ್ಷ ರೂಪಾಯಿ. ಹಸ್ತಪ್ರತಿಗಳಿಗೆ ಇಟ್ಟ 60 ಕೋಟಿಯಲ್ಲಿ ಇದು ಶೇ 0.5ಕ್ಕಿಂತ ಕಡಿಮೆ. ಒಂದು ಜಿಲ್ಲಾ ಉತ್ಸವದ ದೀಪ, ಧ್ವನಿ, ವೇದಿಕೆಯ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಬೇಕಾದ ಮೊತ್ತ ಇದು.

ಆ ಯೋಜನೆ ಈಗಿರುವಂತೆಯೇ ಎಲ್ಲಕ್ಕೂ ಹೊಂದುತ್ತದೆ ಎಂದಲ್ಲ. ವೀರಗಾಸೆಗೆ, ಮೂಡಲಪಾಯಕ್ಕೆ, ಚಿಟ್ಟಿಮೇಳಕ್ಕೆ ಗುರು, ವಾದ್ಯ, ಶಿಷ್ಯ ಎಂಬ ಚೌಕಟ್ಟು ಸರಿ. ಸೋಬಾನೆಗೆ ಒಬ್ಬ ಗುರು ಇರುವುದಿಲ್ಲ, ನಾಲ್ಕೈದು ಜನ ಸೇರಿದರೆ ಪದ ಬರುತ್ತದೆ. ಒಬ್ಬಳಿಗೆ ಮರೆತದ್ದು ಇನ್ನೊಬ್ಬಳಿಗೆ ನೆನಪಿರುತ್ತದೆ. ಆದ್ದರಿಂದ ಹಣ ಗುಂಪಿಗೆ ಹೋಗಬೇಕು, ತರಗತಿ ಕೋಣೆಯಲ್ಲಿ ನಡೆಯದೆ ಮದುವೆಯ ತಿಂಗಳುಗಳಲ್ಲಿ, ಶಾಸ್ತ್ರ ನಡೆಯುವ ಜಾಗದಲ್ಲಿ ನಡೆಯಬೇಕು. ಅಂಟಿಕೆ ಪಂಟಿಕೆಗೆ ಆಶ್ವಯುಜದ ರಾತ್ರಿಗಳು ಬೇಕು. ಆರು ತಿಂಗಳ ಅವಧಿ ಏಪ್ರಿಲ್‌ಗೆ ಆರಂಭ, ಸೆಪ್ಟೆಂಬರ್‌ಗೆ ಕೊನೆ ಎಂದು ಕಚೇರಿಯ ವರ್ಷಕ್ಕೆ ತಕ್ಕಂತೆ ನಡೆದರೆ ದೀಪಾವಳಿಗೆ ದೀಪ ಹಿಡಿಯುವ ಹೊತ್ತಿಗೆ ಹಣ ಮುಗಿದಿರುತ್ತದೆ.

ಈಗಿನಂತೆಯೇ ಬಿಟ್ಟರೆ

ಈಗಿನ ಏರ್ಪಾಡೇ ಮುಂದುವರಿದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ವೀರಗಾಸೆ, ಡೊಳ್ಳು, ಕಂಸಾಳೆ ಮೆರವಣಿಗೆಯ ಕಲೆಗಳಾಗಿ ಚೆನ್ನಾಗಿಯೇ ಇರುತ್ತವೆ. ಆದರೆ ಅವುಗಳ ಮಾತಿನ ಭಾಗ ಸಣ್ಣದಾಗುತ್ತದೆ, ಏಕೆಂದರೆ ಮೆರವಣಿಗೆಯಲ್ಲಿ ಒಡಪು ಕೇಳುವವರಿಲ್ಲ, ಹೆಜ್ಜೆ ನೋಡುವವರಿದ್ದಾರೆ. ಕುಣಿತ ಬಲ್ಲ ಹುಡುಗನಿಗೆ ಕಥೆ ಬಾರದೆ ಹೋಗುತ್ತದೆ. ಮೂಡಲಪಾಯ ಕೆಲವು ಆಸಕ್ತರ ಒಂದೂವರೆ ಗಂಟೆಯ ಪ್ರದರ್ಶನವಾಗಿ ನಿಲ್ಲುತ್ತದೆ. ಹೆಂಗಸರ ಪದಗಳು ಮುಂದಿನ ಹತ್ತು-ಹದಿನೈದು ವರ್ಷದಲ್ಲಿ ಹಾಡುವವರೊಂದಿಗೆ ಹೋಗುತ್ತವೆ, ಕೆಲವು ಫೋನುಗಳಲ್ಲಿ ಹೆಸರಿಲ್ಲದೆ ಉಳಿಯುತ್ತವೆ.

ಇದನ್ನು ತಡೆಯಲು ಹೊಸ ಭವನ ಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸಂಜೆ ಮಕ್ಕಳು ಬರುತ್ತಾರೆ, ಕಂಪ್ಯೂಟರ್ ಇರುವ ಕಡೆ ಧ್ವನಿ ಹಿಡಿದಿಡುವುದೂ ಆಗುತ್ತದೆ. ಹಾಸನದ ಆಕಾಶವಾಣಿ ಕೇಂದ್ರ ಈ ಸೀಮೆಯ ಹಾಡುಗಾರರಿಗೆ ಬಹುಕಾಲದಿಂದ ಮೈಕು ಕೊಟ್ಟಿದೆ. ಮೊದಲ ಕೆಲಸ ಪಟ್ಟಿ ಮಾಡುವುದು: ಪ್ರತಿ ಪಂಚಾಯಿತಿಯಲ್ಲಿ ಎಪ್ಪತ್ತು ದಾಟಿದ, ಪದ ಬಲ್ಲ ಹೆಂಗಸರು ಯಾರು, ಯಾವ ಶಾಸ್ತ್ರದ್ದು ಬರುತ್ತದೆ, ಜೊತೆಗೆ ಸೊಲ್ಲು ಹಿಡಿಯುವವರು ಯಾರಿದ್ದಾರೆ, ಅವರ ಮನೆಯಲ್ಲಿ ಕಲಿಯುವ ಮನಸ್ಸಿರುವ ಮೊಮ್ಮಗಳು ಇದ್ದಾಳೆಯೇ. ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಶಿಕ್ಷಕಿಗೆ ಈ ಪ್ರಶ್ನೆಗಳಿಗೆ ಉತ್ತರ ಹೆಚ್ಚುಕಡಿಮೆ ಗೊತ್ತೇ ಇರುತ್ತದೆ. ಆ ಕೆಲಸಕ್ಕೆ ಅವರಿಗೆ ಬೇರೆಯೇ ಸಂಭಾವನೆ ಕೊಟ್ಟು ಕೇಳಬೇಕು, ಇರುವ ಹೊರೆಯ ಮೇಲೆ ಹೊರಿಸಿ ಅಲ್ಲ. ಮುಂದಿನ ಮಾಘ, ಫಾಲ್ಗುಣದ ಮದುವೆಗಳು ಶುರುವಾಗುವ ಮೊದಲು ಈ ಪಟ್ಟಿ ಕೈಯಲ್ಲಿದ್ದರೆ, ಕಡೆಯ ಪಕ್ಷ ಊರಿಗೊಂದು ಮದುವೆಯಲ್ಲಿ ಅರಿಶಿಣದ ಶಾಸ್ತ್ರದ ಹೊತ್ತು ಧ್ವನಿವರ್ಧಕವನ್ನು ನಿಲ್ಲಿಸಿ, ಅಜ್ಜಿಯರ ಪಕ್ಕ ನಾಲ್ಕು ಹುಡುಗಿಯರನ್ನು ಕೂರಿಸಬಹುದು.